ಕಟ್ಟಡದೊಳಗೆ ಡ್ರೈ ಟೈಪ್ ಟಿಸಿ: ಕೋಣೆ ಕಟ್ಟುವುದರಿಂದ ಮಳೆಗಾಲದ ಕಾಳಜಿವರೆಗೆ

ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರೋಡ್ ಕಡೆ ಈಗ ಏಳುತ್ತಿರುವ ಆಸ್ಪತ್ರೆ, ಮಳಿಗೆ, ಅಪಾರ್ಟ್‌ಮೆಂಟ್‌ಗಳಲ್ಲಿ ಖಾಲಿ ಜಾಗ ಸಿಗುವುದೇ ಕಷ್ಟ. ಹೆಸ್ಕಾಂನಿಂದ 11 ಕೆವಿ ಕನೆಕ್ಷನ್ ಮಂಜೂರಾದ ಮೇಲೆ ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲಿ ಇಡೋದು ಅನ್ನುವ ಮಾತು ಬರುತ್ತದೆ. ಕೊನೆಗೆ ಅದು ಪಾರ್ಕಿಂಗ್ ಪಕ್ಕದ ಯಾವುದೋ ಕೋಣೆಗೆ ಬಂದು ನಿಲ್ಲುತ್ತದೆ. ಅಂಥ ಕಡೆ ಬೇಕಾಗುವುದು ಎಣ್ಣೆಯಿಲ್ಲದ ಡ್ರೈ ಟೈಪ್, ಅದರಲ್ಲೂ ಕಾಯಿಲನ್ನು (ತಂತಿ ಸುರುಳಿಯನ್ನು) ಎಪಾಕ್ಸಿ ರೆಸಿನ್‌ನಲ್ಲಿ ಅಚ್ಚು ಹಾಕಿದ ಕಾಸ್ಟ್ ರೆಸಿನ್ ಟ್ರಾನ್ಸ್‌ಫಾರ್ಮರ್.

ಮಾರುವವರು "ಮೇಂಟೆನೆನ್ಸೇ ಇಲ್ಲ ಸರ್, ಇಟ್ಟು ಮರೆತುಬಿಡಿ" ಅನ್ನುತ್ತಾರೆ. ಅರ್ಧ ಮಾತ್ರ ನಂಬಿ. ಎಣ್ಣೆ ಇಲ್ಲ, ಸೋರುವುದಿಲ್ಲ, ತೇವ ಹೀರುವ ಸಿಲಿಕಾ ಜೆಲ್ ಬದಲಿಸುವ ರಗಳೆ ಇಲ್ಲ, ಅದೆಲ್ಲ ನಿಜ. ಆದರೆ ಕಾಯಿಲಿನ ಬಿಸಿಯನ್ನು ಎಣ್ಣೆ ಹೊರಗೆ ಒಯ್ಯುತ್ತಿತ್ತಲ್ಲ, ಆ ಕೆಲಸ ಈಗ ಕೋಣೆಯ ಗಾಳಿಯ ತಲೆಗೆ ಬಂತು. ಧೂಳು, ತೇವ ಕಾಯಿಲ್ ಹತ್ತಿರ ಹೋಗದಂತೆ ತಡೆಯುತ್ತಿದ್ದ ಟ್ಯಾಂಕೂ ಇಲ್ಲ. ಹಾಗಾಗಿ ಟಿಸಿಯ ಕೊಟೇಶನ್ ತರಿಸುವ ಮೊದಲು ಕೋಣೆ ನೋಡಿ.

ಮೊದಲು ಕೇಳಿಕೊಳ್ಳಿ: ಇದು ಬೇಕೇ ಬೇಕಾ?

ಬೇಲೂರು ಅಥವಾ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಿಮಗೆ ಬಯಲು ಜಾಗ ಇದೆ, ಬೇಲಿ ಹಾಕಿ ಯಾರ್ಡ್ ಮಾಡಬಹುದು ಅಂದರೆ ಎಣ್ಣೆ ಟಿಸಿಯೇ ಸಾಕು. ಅದು ಅಗ್ಗ, ಬಿಸಿಲು ಮಳೆ ತಡೆಯುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಇಲ್ಲೇ ಸಿಗುತ್ತಾರೆ. ಕಾಸ್ಟ್ ರೆಸಿನ್ ಕಾಯಿಲ್ ಸುಟ್ಟರೆ ಊರಿನ ರಿವೈಂಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಇಡೀ ಕಾಯಿಲ್ ಕಾರ್ಖಾನೆಯಿಂದಲೇ ಬರಬೇಕು.

ಕಟ್ಟಡದ ಒಳಗೆ ಅಂದರೆ ಲೆಕ್ಕ ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ವಸತಿ ಮತ್ತು ವಾಣಿಜ್ಯ ಕಟ್ಟಡಗಳ ಒಳಗೆ ಡ್ರೈ ಟೈಪ್ ಇರಬೇಕು ಅಂದಿದ್ದವು. 2023ರಲ್ಲಿ ಆ ನಿಯಮಗಳು ಹೊಸದಾಗಿ ಬಂದಿವೆ. ಅದಕ್ಕೇ ಕೋಣೆಯ ಡ್ರಾಯಿಂಗ್ ಆಗುವಾಗಲೇ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ವಿದ್ಯುತ್ ಪರಿವೀಕ್ಷಣಾಲಯಕ್ಕೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ. ಗೋಡೆ ಎದ್ದ ಮೇಲೆ ಒಡೆಯೋದು ಯಾರಿಗೆ ಬೇಕು?

ಒಂದು ಮಾತು. ರೆಸಿನ್ ಬೆಂಕಿಯನ್ನು ಹರಡುವುದಿಲ್ಲ, ಉರಿಯ ಮೂಲ ತೆಗೆದರೆ ತಾನೇ ಆರುತ್ತದೆ. ಹಾಗಂತ ಅದು ಸುಡುವುದೇ ಇಲ್ಲ ಅಂತಲ್ಲ.

ಕೆವಿಎ ಲೆಕ್ಕ ಮತ್ತು ಆರ್ಡರ್‌ನಲ್ಲಿ ಬರೆಯಬೇಕಾದ್ದು

ಉದಾಹರಣೆಗೆ ಒಂದು ಆಸ್ಪತ್ರೆಯ ನಿಜವಾದ ಗರಿಷ್ಠ ಲೋಡ್ 700 ಕಿಲೋವ್ಯಾಟ್ ಅಂದುಕೊಳ್ಳಿ. ಪವರ್ ಫ್ಯಾಕ್ಟರ್ 0.95 ಇದ್ದರೆ ಸುಮಾರು 737 ಕೆವಿಎ ಆಯಿತು. 1000 ಕೆವಿಎ ತೆಗೆದುಕೊಂಡರೆ ಮುಕ್ಕಾಲು ಲೋಡ್‌ನಲ್ಲಿ ಆರಾಮಾಗಿ ಓಡುತ್ತದೆ. ಫ್ಯಾನ್ ಹಾಕಿದರೆ ಜಾಸ್ತಿ ಲೋಡ್ ಎಳೆಯಬಹುದು ಅಂತ ಹೇಳಿ 800 ಕೆವಿಎ ತೋರಿಸುವವರೂ ಇದ್ದಾರೆ. ಆ ಫ್ಯಾನ್ ಕಷ್ಟಕಾಲಕ್ಕೆ ಇರಲಿ, ದಿನನಿತ್ಯದ ಲೆಕ್ಕಕ್ಕೆ ಬೇಡ. ಯುಪಿಎಸ್, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ಸೋಲಾರ್ ಇನ್ವರ್ಟರ್ ಜಾಸ್ತಿ ಇದ್ದರೆ ಆರ್ಡರ್ ಕೊಡುವಾಗಲೇ ಹೇಳಿ. ಇವು ಕರೆಂಟಿನ ಅಲೆ ಕೆಡಿಸುತ್ತವೆ, ಆ ಹಾರ್ಮೋನಿಕ್ಸ್‌ನಿಂದ ಕಾಯಿಲ್ ಹೆಚ್ಚು ಬಿಸಿಯಾಗುತ್ತದೆ, ತಯಾರಕರು ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಬೇಕು.

ಆರ್ಡರ್‌ನಲ್ಲಿ ಇಷ್ಟಾದರೂ ಇರಲಿ: 11000/433 ವೋಲ್ಟ್, ಡಿವೈಎನ್11 (ಕಾಯಿಲ್‌ಗಳನ್ನು ಜೋಡಿಸುವ ರೀತಿ), ಎಫ್ ಕ್ಲಾಸ್ ಇನ್ಸುಲೇಶನ್, ಐಎಸ್ 2026 ಭಾಗ 11ರ ಪ್ರಕಾರ ಪರೀಕ್ಷೆ. ಎಫ್ ಕ್ಲಾಸ್ ಅಂದರೆ 155 ಡಿಗ್ರಿ ತಡೆಯುವ ಇನ್ಸುಲೇಶನ್, ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗ ಕಾಯಿಲಿನ ಸರಾಸರಿ ಬಿಸಿ ಅದರ ಮೇಲೆ 100 ಡಿಗ್ರಿ ಏರಬಹುದು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹೊರಗೇ 38-40 ಇರುವಾಗ ಕೋಣೆಯೊಳಗೆ ಎಷ್ಟಿರುತ್ತದೆ ಯೋಚಿಸಿ. ಅದಕ್ಕೇ "ಕೋಣೆಯ ಗಾಳಿ 50 ಡಿಗ್ರಿ, ಏರಿಕೆ 90 ಡಿಗ್ರಿ ಮೀರಬಾರದು" ಅಂತ ಬರೆಸಿ. ಇನ್ಸುಲೇಶನ್ ತನ್ನ ಮಿತಿಗಿಂತ ಸುಮಾರು 10 ಡಿಗ್ರಿ ಜಾಸ್ತಿ ಬಿಸಿಯಲ್ಲಿ ಓಡಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಎತ್ತರದ ಚಿಂತೆ ಬೇಡ. 1000 ಮೀಟರ್ ದಾಟಿದರೆ ಮಾತ್ರ ಅದನ್ನು ಎಣಿಸಬೇಕು, ಹುಬ್ಬಳ್ಳಿ-ಧಾರವಾಡ ಅದಕ್ಕಿಂತ ಕೆಳಗೇ ಇವೆ.

ಕ್ಯಾಟಲಾಗ್‌ನಲ್ಲಿ ಸಿ2-ಇ2-ಎಫ್1 ಅಂತ ಇರುತ್ತದೆ. ಇದರಲ್ಲಿ ನಮಗೆ ಮುಖ್ಯ ಇ2. ಇ0 ಅಂದರೆ ಒಣಗಿದ, ಸ್ವಚ್ಛ ಕೋಣೆ. ಇ1 ಅಪರೂಪಕ್ಕೆ ನೀರಪಸೆ ಕೂರುವ ಕಡೆಗೆ. ಇ2 ಪದೇ ಪದೇ ಪಸೆ ಕೂರುವ, ಧೂಳು ಜಾಸ್ತಿ ಇರುವ ಕಡೆಗೆ. ಧಾರವಾಡದ ಜುಲೈ ನೋಡಿದವರಿಗೆ ಯಾವುದು ಬೇಕು ಅಂತ ಹೇಳಬೇಕಾಗಿಲ್ಲ. ಸಿ2 ಚಳಿಯ ದರ್ಜೆ, ಮೈನಸ್ 25 ಡಿಗ್ರಿವರೆಗೆ. ಅಂಥ ಚಳಿ ನಮಗಿಲ್ಲ, ಆದರೆ ಆ ಪರೀಕ್ಷೆಯಲ್ಲಿ ಕಾಯಿಲನ್ನು ತಣ್ಣಗೆ ಮಾಡಿ ಒಮ್ಮೆಲೇ ಬಿಸಿ ಮಾಡುತ್ತಾರೆ, ರೆಸಿನ್ ಬಿರುಕು ಬಿಡುವುದಿಲ್ಲ ಅನ್ನುವ ಭರವಸೆ ಅದರಿಂದ ಸಿಗುತ್ತದೆ. ಎಫ್1 ಬೆಂಕಿಯದು.

ಲಾಸ್ ಎಷ್ಟು ಅಂತ ಕೇಳದೆ ಬೆಲೆ ಹೋಲಿಸಬೇಡಿ. ಎಚ್‌ಟಿ (ಹೈ ಟೆನ್ಷನ್) ಮೀಟರ್ 11 ಕೆವಿ ಕಡೆ ಇರುತ್ತದೆ, ಟಿಸಿಯೊಳಗೆ ಬಿಸಿಯಾಗಿ ಹೋಗುವ ನಷ್ಟವೂ ನಿಮ್ಮ ಬಿಲ್‌ಗೇ ಬರುತ್ತದೆ. ಕೋರ್ ಲಾಸ್ (ಒಳಗಿನ ಕಬ್ಬಿಣದ ತಿರುಳಿನಲ್ಲಿ ಆಗುವ ನಷ್ಟ) ಹಗಲು ರಾತ್ರಿ, ರಜೆ ದಿನ ಅನ್ನದೆ ಹೋಗುತ್ತಲೇ ಇರುತ್ತದೆ. ಎರಡು ಕಂಪನಿಗಳ ನಡುವೆ ಬರೀ 500 ವ್ಯಾಟ್ ವ್ಯತ್ಯಾಸ ಇದ್ದರೂ ವರ್ಷಕ್ಕೆ 4380 ಯೂನಿಟ್. ನಿಮ್ಮ ದರದಿಂದ ಗುಣಿಸಿ, ಆಮೇಲೆ ಯಾವುದು ಅಗ್ಗ ಅಂತ ಹೇಳಿ.

ಕೋಣೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮುಂದಿನ ಬಹುತೇಕ ತೊಂದರೆಗಳು ಹುಟ್ಟುವುದು ಇಲ್ಲೇ.

1000 ಕೆವಿಎ ಟಿಸಿ ಪೂರ್ತಿ ಲೋಡ್‌ನಲ್ಲಿ ಸುಮಾರು 13 ಕಿಲೋವ್ಯಾಟ್ ಬಿಸಿ ಬಿಡುತ್ತದೆ ಅಂದುಕೊಳ್ಳೋಣ (ನಿಮ್ಮದರ ಸರಿಯಾದ ಅಂಕಿ ಟೆಸ್ಟ್ ರಿಪೋರ್ಟ್‌ನಲ್ಲಿ ಇರುತ್ತದೆ). ಆ ಬಿಸಿ ತಾನಾಗಿ ಹೊರಗೆ ಹೋಗಬೇಕಾದರೆ ಕೆಳಗೆ ತಣ್ಣನೆ ಗಾಳಿ ಬರುವ ಕಿಂಡಿ, ಎದುರು ಗೋಡೆಯ ಮೇಲ್ಗಡೆ ಬಿಸಿ ಗಾಳಿ ಹೋಗುವ ಕಿಂಡಿ ಬೇಕು. ಅಳತೆಗೆ ಒಂದು ಸೂತ್ರ ಇದೆ: ಒಟ್ಟು ಲಾಸ್ ಕಿಲೋವ್ಯಾಟ್‌ನಲ್ಲಿ, ಅದನ್ನು 0.18ರಿಂದ ಗುಣಿಸಿ, ಎರಡು ಕಿಂಡಿಗಳ ನಡುವಿನ ಎತ್ತರದ ವರ್ಗಮೂಲದಿಂದ ಭಾಗಿಸಿ. ಎತ್ತರ 3 ಮೀಟರ್ ಆದರೆ 13 × 0.18 ÷ 1.73, ಅಂದರೆ ಸುಮಾರು 1.35 ಚದರ ಮೀಟರ್ ಕೆಳಗಿನ ಕಿಂಡಿ. ಮೇಲಿನದು ಅದಕ್ಕಿಂತ ಹತ್ತು ಪರ್ಸೆಂಟ್ ದೊಡ್ಡದು, 1.5 ಚದರ ಮೀಟರ್.

ಈ ಸೂತ್ರ ವರ್ಷದ ಸರಾಸರಿ 20 ಡಿಗ್ರಿ ಇರುವ ಊರಿಗೆ. ನಮ್ಮ ಸರಾಸರಿ ಅದಕ್ಕಿಂತ ಮೇಲಿದೆ, ಆದ್ದರಿಂದ ನಾನಾದರೆ ಕಾಲು ಭಾಗ ಜಾಸ್ತಿ ಬಿಡಿಸುತ್ತೇನೆ. ಇನ್ನೊಂದು, ಇದು ಗಾಳಿ ನಿಜವಾಗಿ ಹಾಯುವ ಜಾಗದ ಅಳತೆ. ಲೂವರ್ ಪಟ್ಟಿ, ಇಲಿ-ಹಲ್ಲಿ ಬರದಂತೆ ಹಾಕುವ ಜಾಲರಿ ಎರಡೂ ಸೇರಿ ಒಳ್ಳೆಯ ಪಾಲು ಜಾಗ ನುಂಗುತ್ತವೆ. ಗೋಡೆಯಲ್ಲಿ 1.35 ಚದರ ಮೀಟರ್ ತೂತು ಮಾಡಿ ಜಾಲರಿ ಬಡಿದರೆ ಅಷ್ಟು ಗಾಳಿ ಬರುವುದಿಲ್ಲ, ತೂತು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿಸಿ. ಅಷ್ಟು ದೊಡ್ಡ ಕಿಂಡಿ ಆಗುವುದೇ ಇಲ್ಲ ಅಂದರೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಪ್ರತಿ ಕಿಲೋವ್ಯಾಟ್ ಲಾಸ್‌ಗೆ ನಿಮಿಷಕ್ಕೆ ಸುಮಾರು 4 ಘನ ಮೀಟರ್ ಗಾಳಿ ಲೆಕ್ಕದಲ್ಲಿ. ಫ್ಯಾನ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು.

ದಿಕ್ಕು ನೋಡಿಕೊಳ್ಳಿ. ನಮ್ಮ ಕಡೆ ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಬೀಸಿ ಹೊಡೆಯುತ್ತದೆ, ಧಾರವಾಡದಲ್ಲಂತೂ ಅಡ್ಡಡ್ಡ ಬರುತ್ತದೆ. ಆ ಗೋಡೆಯಲ್ಲಿ ಕೆಳಗಿನ ಕಿಂಡಿ ಬೇಡ. ಬೇರೆ ದಾರಿ ಇಲ್ಲದಿದ್ದರೆ ಹೊರಗೆ ಮಳೆ ತಡೆಯುವ ಅಗಲವಾದ ಸಜ್ಜಾ ಕಟ್ಟಿಸಿ. ಕೋಣೆಯ ಮೇಲೆ ಬಚ್ಚಲು, ನೀರಿನ ಟ್ಯಾಂಕ್, ಡ್ರೈನೇಜ್ ಪೈಪ್ ಬರಬಾರದು. ನೆಲಮಾಳಿಗೆ ಆದರೆ ಇನ್ನೂ ಹುಷಾರು, ಒಂದು ಜೋರು ಮಳೆಗೆ ಪಾರ್ಕಿಂಗ್‌ನಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಕಟ್ಟಡಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ಟಿಸಿಯ ಕಟ್ಟೆ ನೆಲದಿಂದ ಎತ್ತರ ಇರಲಿ, ಸಂಪ್ ಪಂಪ್‌ಗೆ ಬೇರೆ ಸಪ್ಲೈ ಇರಲಿ.

ಹುಬ್ಬಳ್ಳಿಯಿಂದ ಗದಗ ಕಡೆ ಹೋದಂತೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಸುಮ್ನೆ ಕಾಂಕ್ರೀಟ್ ಸುರಿದರೆ ಕಟ್ಟೆ ವಾಲುತ್ತದೆ, ಕೇಬಲ್ ಟ್ರೆಂಚ್ ಗೋಡೆ ಸೀಳುತ್ತದೆ. ಮಣ್ಣು ತೆಗೆದು ಗಟ್ಟಿ ನೆಲದಿಂದ ಎಬ್ಬಿಸಿ, ಸಿವಿಲ್ ಎಂಜಿನಿಯರ್‌ಗೆ ಟಿಸಿಯ ತೂಕ ಮೊದಲೇ ಹೇಳಿ. ಗೋಡೆಯಿಂದ ಎಷ್ಟು ದೂರ ಇರಬೇಕು ಅನ್ನುವುದು ತಯಾರಕರ ಡ್ರಾಯಿಂಗ್‌ನಲ್ಲಿರುತ್ತದೆ. ಅದು ಕನಿಷ್ಠ ಅಳತೆ, ಮನುಷ್ಯ ಸುತ್ತ ನಿಂತು ಸ್ವಚ್ಛ ಮಾಡಲು ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ.

ಕಾರ್ಖಾನೆಯಲ್ಲಿ ಪರೀಕ್ಷೆ

ಸಾಧ್ಯವಾದರೆ ನೀವೇ ಹೋಗಿ, ಇಲ್ಲ ನಂಬಿಕಸ್ಥ ಎಂಜಿನಿಯರ್‌ನ ಕಳಿಸಿ. ಲಾಸ್, ಇಂಪೀಡೆನ್ಸ್ (ಶಾರ್ಟ್ ಆದಾಗ ಕರೆಂಟಿಗೆ ಮಿತಿ ಹಾಕುವ ಅಡ್ಡಿ), ರೇಶಿಯೋ (ಎರಡು ಕಡೆಯ ವೋಲ್ಟೇಜ್ ಅನುಪಾತ) ಎಲ್ಲ ನೋಡಿ, ಆದರೆ ಕಣ್ಣು ಬಿಟ್ಟು ನೋಡಬೇಕಾದ್ದು ಪಾರ್ಶಿಯಲ್ ಡಿಸ್ಚಾರ್ಜ್ ಪರೀಕ್ಷೆ. ರೆಸಿನನ್ನು ನಿರ್ವಾತದಲ್ಲಿ ಎರಕ ಹೊಯ್ಯುತ್ತಾರೆ. ಆಗ ಒಳಗೆ ಒಂದು ಸಣ್ಣ ಗಾಳಿಗುಳ್ಳೆ ಉಳಿದರೂ ಸಾಕು, 11 ಕೆವಿ ಒತ್ತಡಕ್ಕೆ ಅದರೊಳಗೆ ಕಿಡಿ ಹಾರುತ್ತಲೇ ಇರುತ್ತದೆ, ವರ್ಷಗಟ್ಟಲೆ ರೆಸಿನನ್ನು ಒಳಗಿಂದ ಕೊರೆಯುತ್ತದೆ. ಹೊರಗಿಂದ ನೋಡಿದರೆ ಕಾಯಿಲ್ ಹೊಳೆಯುತ್ತಾ ಇರುತ್ತದೆ. ಸ್ಟ್ಯಾಂಡರ್ಡ್ ಪ್ರಕಾರ ಮಿತಿ 10 ಪಿಕೋಕೂಲಂಬ್. ಮೂರೂ ಫೇಸ್‌ನ ಅಂಕಿ ರಿಪೋರ್ಟ್‌ನಲ್ಲಿ ಬರೆಸಿಕೊಳ್ಳಿ, ಬರೀ "ಪಾಸ್" ಅಂತ ಬೇಡ.

ಇಳಿಸುವುದು, ಕೂರಿಸುವುದು

ಮೇಲಿನ ಕೊಕ್ಕೆಗಳಿಂದಲೇ ಎತ್ತಬೇಕು, ತಳ್ಳುವುದಾದರೆ ಕೆಳಗಿನ ಚಾನೆಲ್ ಹಿಡಿದು ತಳ್ಳಬೇಕು. ಹಮಾಲರು ಅಭ್ಯಾಸಬಲದಿಂದ ಕಾಯಿಲಿಗೇ ಭುಜ ಕೊಡುತ್ತಾರೆ, ಮೊದಲೇ ಹೇಳಿಡಿ. ಪ್ಲಾಸ್ಟಿಕ್ ಹೊದಿಕೆ ಟಿಸಿ ಚಾರ್ಜ್ ಮಾಡುವ (ಮೊದಲ ಸಲ ಕರೆಂಟ್ ಕೊಡುವ) ದಿನದವರೆಗೂ ಇರಲಿ. ಟಿಸಿ ಕೂತ ಮೇಲೆ ಅದರ ತಲೆಯ ಮೇಲೆ ಡ್ರಿಲ್, ವೆಲ್ಡಿಂಗ್, ಸುಣ್ಣಬಣ್ಣ ಯಾವುದೂ ಬೇಡ. ಒಂದು ಕಬ್ಬಿಣದ ಚೂರು ಕಾಯಿಲ್ ಸಂದಿಗೆ ಬಿದ್ದರೆ ಹುಡುಕಿ ತೆಗೆಯೋದು ಕಷ್ಟ. ಚಕ್ರಕ್ಕೆ ಲಾಕ್ ಹಾಕಿ, ಕೆಳಗೆ ರಬ್ಬರ್ ಪ್ಯಾಡ್ ಕೊಡಿ. ಇಲ್ಲದಿದ್ದರೆ ಆ ಗುಂಯ್ ಸದ್ದು ಮೇಲಿನ ಮಹಡಿಯ ವಾರ್ಡಿನವರೆಗೂ ಹೋಗುತ್ತದೆ.

ಕನೆಕ್ಷನ್

ಎಲ್ಲಕ್ಕಿಂತ ಮೊದಲು ಇದನ್ನು ತಲೆಯಲ್ಲಿಟ್ಟುಕೊಳ್ಳಿ: ಕಾಯಿಲಿನ ಮೇಲಿನ ರೆಸಿನ್ ಮುಟ್ಟಲು ಸುರಕ್ಷಿತವಲ್ಲ. ಕೇಬಲ್ ಹೊದಿಕೆಯ ಹಾಗೆ ಕಾಣುತ್ತದೆ ಅಷ್ಟೆ. ಕರೆಂಟ್ ಇರುವಾಗ ಅದರ ಮೈಯನ್ನು ಬರಿಯ 11 ಕೆವಿ ತಂತಿ ಅಂತಲೇ ತಿಳಿಯಬೇಕು. ಎನ್‌ಕ್ಲೋಷರ್ (ಟಿಸಿಯ ಸುತ್ತಲಿನ ಪೆಟ್ಟಿಗೆ) ಬಾಗಿಲಿಗೆ ಇಂಟರ್‌ಲಾಕ್ ಇರಲಿ, ಬಾಗಿಲು ತೆರೆದರೆ ವಿಸಿಬಿ (11 ಕೆವಿ ಕಡೆಯ ವ್ಯಾಕ್ಯೂಮ್ ಬ್ರೇಕರ್) ಟ್ರಿಪ್ ಆಗಬೇಕು.

ಇದೇ ಕಾರಣಕ್ಕೆ ಕೇಬಲ್ ಯಾವುದೂ ಕಾಯಿಲಿಗೆ ತಾಗಬಾರದು, ಹತ್ತಿರವೂ ಹಾಯಬಾರದು. ಎಲ್‌ಟಿ (433 ವೋಲ್ಟ್ ಕಡೆಯ) ಕೇಬಲ್ ತೂಕ ಟರ್ಮಿನಲ್ ಮೇಲೆ ಬೀಳದಂತೆ ಬೇರೆ ಸಪೋರ್ಟ್‌ಗೆ ಕ್ಲ್ಯಾಂಪ್ ಮಾಡಿ. 1000 ಕೆವಿಎಗೆ 433 ವೋಲ್ಟ್‌ನಲ್ಲಿ 1333 ಆಂಪಿಯರ್ ಬರುತ್ತದೆ, ಬಸ್‌ಬಾರ್ ಆದರೆ ಮಧ್ಯೆ ಫ್ಲೆಕ್ಸಿಬಲ್ ಲಿಂಕ್ ಹಾಕಿ. ಇಂಪೀಡೆನ್ಸ್ 5 ಪರ್ಸೆಂಟ್ ಇದ್ದರೆ ಶಾರ್ಟ್ ಆದಾಗ ಸುಮಾರು 26.7 ಕಿಲೋಆಂಪಿಯರ್ ಹರಿಯಬಹುದು, ಪ್ಯಾನೆಲ್‌ನ ಬ್ರೇಕರ್ ಅದನ್ನು ತಡೆಯುವಂಥದ್ದು ಇರಬೇಕು. ಬೋಲ್ಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿಸಿ, ಬಿಗಿಯಾದ ಮೇಲೆ ಬೋಲ್ಟ್‌ನಿಂದ ಪ್ಲೇಟಿಗೆ ಒಂದು ಬಣ್ಣದ ಗೆರೆ ಎಳೆಸಿ. ಮುಂದೆ ಸಡಿಲಾದರೆ ಗೆರೆ ತಪ್ಪಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

ವಿಸಿಬಿ ಆಫ್ ಮಾಡುವಾಗ ಏಳುವ ವೋಲ್ಟೇಜ್ ಅಲೆ ಡ್ರೈ ಟೈಪ್‌ಗೆ ಒಳ್ಳೆಯದಲ್ಲ, ಹಾಗಾಗಿ ಟರ್ಮಿನಲ್ ಹತ್ತಿರವೇ ಆ ಅಲೆಯನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಹಾಕಿಸಿ. ನ್ಯೂಟ್ರಲ್‌ಗೆ ಎರಡು, ಬಾಡಿಗೆ ಎರಡು ಬೇರೆ ಬೇರೆ ಅರ್ತಿಂಗ್.

ಹೊರಬರುವ ವೋಲ್ಟೇಜ್ ಹೊಂದಿಸುವ ಟ್ಯಾಪ್ ಲಿಂಕ್ ಕಾಯಿಲಿನ ಮುಂಭಾಗದಲ್ಲಿ ಇರುತ್ತದೆ, ನಂಬರ್ ಬರೆದ ಸ್ಟಡ್‌ಗಳ ನಡುವೆ ಬೋಲ್ಟ್ ಮಾಡಿದ ಸಣ್ಣ ತುಂಡು. ಸಾಮಾನ್ಯವಾಗಿ 2.5 ಪರ್ಸೆಂಟ್ ಮೆಟ್ಟಿಲುಗಳು. ನಿಮ್ಮ ಫೀಡರ್‌ನಲ್ಲಿ 10.5 ಕೆವಿ ಬರುತ್ತಿದೆ ಅಂದುಕೊಳ್ಳಿ, ಲಿಂಕ್ 11000ದ ಮೇಲಿದ್ದರೆ ಲೋಡ್ ಇಲ್ಲದಾಗಲೂ 413 ವೋಲ್ಟ್ ಮಾತ್ರ. 10450ರ ಸ್ಥಾನಕ್ಕೆ ಹಾಕಿದರೆ 435 ಸಿಗುತ್ತದೆ. ಮೂರೂ ಫೇಸ್‌ನಲ್ಲಿ ಒಂದೇ ಸ್ಥಾನ ಇರಬೇಕು, ಬದಲಿಸುವುದು ಲೈನ್ ಪೂರ್ತಿ ಬಂದ್ ಮಾಡಿ ಅರ್ತ್ ಮಾಡಿದ ಮೇಲೆ.

ಟೆಂಪರೇಚರ್ ಸ್ಕ್ಯಾನರ್ ತಂತಿ ನಿಜಕ್ಕೂ ಜೋಡಿಸಿದೆಯಾ?

ಎಲ್‌ಟಿ ಕಾಯಿಲ್‌ಗಳಲ್ಲಿ ಫೇಸ್‌ಗೊಂದರಂತೆ ಪಿಟಿ100 ಸೆನ್ಸರ್ (ಬಿಸಿಗೆ ತಕ್ಕಂತೆ ಓಮ್ ಬದಲಾಗುವಂಥದ್ದು) ಇರುತ್ತದೆ, ಅವುಗಳ ತಂತಿ ಬಿಸಿ ತೋರಿಸುವ ಸ್ಕ್ಯಾನರ್‌ಗೆ ಬರುತ್ತದೆ. ಎಫ್ ಕ್ಲಾಸ್‌ಗೆ ಸಾಮಾನ್ಯವಾಗಿ 140ಕ್ಕೆ ಅಲಾರಂ, 150ಕ್ಕೆ ಟ್ರಿಪ್. ಎಷ್ಟೋ ಕಡೆ ಸ್ಕ್ಯಾನರ್ ಚೆಂದ ಮಿನುಗುತ್ತಾ ಇರುತ್ತದೆ, ಆದರೆ ಟ್ರಿಪ್ ಕಾಂಟ್ಯಾಕ್ಟ್‌ನಿಂದ ವಿಸಿಬಿಗೆ ತಂತಿಯೇ ಹೋಗಿರುವುದಿಲ್ಲ. ಹೀಗೆ ಪರೀಕ್ಷಿಸಿ: ಚಾರ್ಜ್ ಮಾಡುವ ಮೊದಲೇ ಒಂದು ಸೆನ್ಸರ್‌ನ ತಂತಿ ಬಿಚ್ಚಿ, ಸ್ಕ್ಯಾನರ್ ಸೆನ್ಸರ್ ಫಾಲ್ಟ್ ತೋರಿಸಬೇಕು. ಆಮೇಲೆ ಆ ಜಾಗಕ್ಕೆ ಡಿಕೇಡ್ ರೆಸಿಸ್ಟೆನ್ಸ್ ಬಾಕ್ಸ್ (ಬೇಕಾದಷ್ಟು ಓಮ್ ಇಡಬಹುದಾದ ಪೆಟ್ಟಿಗೆ) ಜೋಡಿಸಿ. 100 ಓಮ್ ಇಟ್ಟರೆ 0 ಡಿಗ್ರಿ, 138.5ಕ್ಕೆ 100 ಡಿಗ್ರಿ ಕಾಣುತ್ತದೆ. ನಿಧಾನ ಏರಿಸುತ್ತಾ 157.3 ದಾಟಿಸಿದಾಗ 150 ಡಿಗ್ರಿ ಆಗಿ, ಟೆಸ್ಟ್ ಸ್ಥಾನದಲ್ಲಿ ಆನ್ ಮಾಡಿಟ್ಟ ವಿಸಿಬಿ ಟಕ್ ಅಂತ ಬಿದ್ದೇ ಬೀಳಬೇಕು. ಬೀಳಲಿಲ್ಲ ಅಂದರೆ ಗುತ್ತಿಗೆದಾರರ ಬಿಲ್ ತಡೆಹಿಡಿಯಿರಿ. ಸ್ಕ್ಯಾನರ್‌ಗೆ ಸಪ್ಲೈ ಬ್ಯಾಟರಿ ಚಾರ್ಜರ್‌ನಿಂದಲೋ ಯುಪಿಎಸ್‌ನಿಂದಲೋ ಬರಲಿ.

ಚಾರ್ಜ್ ಮಾಡುವ ದಿನ

ಕಾಯಿಲ್ ಸಂದಿಗಳಲ್ಲಿ ಟಾರ್ಚ್ ಬಿಟ್ಟು ನೋಡಿ, ಸ್ಪ್ಯಾನರ್, ಬಟ್ಟೆ, ಪ್ಲಾಸ್ಟಿಕ್ ತುಂಡು ಏನೂ ಇರಬಾರದು. ಎಚ್‌ಟಿಗೆ ಮೆಗ್ಗರ್ ಮಾಡಿ (ಇನ್ಸುಲೇಶನ್ ಅಳೆಯಿರಿ). ಒಣಗಿದ ಸ್ವಚ್ಛ ಕಾಯಿಲ್ ನೂರಾರು, ಸಾವಿರಾರು ಮೆಗಾಓಮ್ ತೋರಿಸುತ್ತದೆ. ಬರೀ ಹತ್ತಾರು ಮೆಗಾಓಮ್ ಬಂದರೆ ಅಲ್ಲಿಗೇ ನಿಲ್ಲಿಸಿ, ಒಣಗಿಸಿ. ಪರಿವೀಕ್ಷಣಾಲಯದ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಆನ್ ಮಾಡಿದ ಕ್ಷಣ ಇನ್‌ರಶ್ ಕರೆಂಟ್ ರೇಟಿಂಗ್‌ನ ಹತ್ತು ಪಟ್ಟಿನ ಆಸುಪಾಸು ಹೋಗಬಹುದು, ಅದಕ್ಕೆ ರಿಲೇ ಬಿದ್ದರೆ ಗಾಬರಿ ಬೇಡ, ಹಾಗಂತ ಸೆಟ್ಟಿಂಗ್ ನೋಡದೆ ಮತ್ತೆ ಮತ್ತೆ ಆನ್ ಮಾಡಲೂಬೇಡಿ. ಮೊದಲು ಲೋಡ್ ಇಲ್ಲದೆ ಕೆಲವು ಗಂಟೆ ಬಿಡಿ, ಸದ್ದು ಕೇಳಿ, ಆಮೇಲೆ ಸ್ವಲ್ಪ ಸ್ವಲ್ಪ ಲೋಡ್ ಕೊಡಿ.

ಹತ್ತಿ, ಮೆಣಸಿನಕಾಯಿ, ಮಳೆ

ಈ ಭಾಗ ಬೇರೆ ಊರಿನ ಮ್ಯಾನುಯಲ್‌ಗಳಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿ, ಗದಗ ಕಡೆಯ ಜಿನ್ನಿಂಗ್ ಮಿಲ್‌ಗಳಲ್ಲಿ (ಹತ್ತಿಯಿಂದ ಬೀಜ ಬೇರ್ಪಡಿಸುವ ಕಡೆ) ಹತ್ತಿಯ ನಯವಾದ ಎಳೆ ಗಾಳಿಯಲ್ಲಿ ತೇಲುತ್ತಾ ಇರುತ್ತದೆ. ಟಿಸಿ ಕೆಳಗಿಂದ ಗಾಳಿ ಎಳೆದುಕೊಂಡಾಗ ಅದೂ ಜೊತೆಗೇ ಹೋಗಿ ಎಚ್‌ಟಿ ಮತ್ತು ಎಲ್‌ಟಿ ಕಾಯಿಲ್ ನಡುವಿನ ಬೆರಳಗಲದ ಸಂದಿಯಲ್ಲಿ ಕೂರುತ್ತದೆ. ಮುಂದಿನಿಂದ ಏನೂ ಕಾಣುವುದಿಲ್ಲ. ಕೆಳಗೆ ಬಗ್ಗಿ, ಮೇಲಿಂದ ಯಾರಾದರೂ ಟಾರ್ಚ್ ಹಿಡಿದರೆ ಬೆಳಕು ದಾಟಿ ಬರುತ್ತದಾ ನೋಡಿ (ಲೈನ್ ಬಂದ್ ಮಾಡಿ ಅರ್ತ್ ಮಾಡಿದ ಮೇಲೆ, ಮತ್ತೆ ಹೇಳುತ್ತಿದ್ದೇನೆ). ಬರಲಿಲ್ಲ ಅಂದರೆ ಗಾಳಿಯೂ ಹೋಗುತ್ತಿಲ್ಲ. ಬ್ಯಾಡಗಿ ಕಡೆ ಮೆಣಸಿನ ಪುಡಿ ಘಟಕಗಳಲ್ಲೂ ಇದೇ ಕಥೆ, ಅಲ್ಲಿ ಪುಡಿ ತೇವ ಹಿಡಿದು ಅಂಟಿಕೊಳ್ಳುತ್ತದೆ ಕೂಡ. ಇಂಥ ಕಡೆ ಟಿಸಿ ಕೋಣೆ ಮಿಲ್‌ನಿಂದ ಗೋಡೆ ಕಟ್ಟಿ ಬೇರೆ ಮಾಡಿರಲಿ, ಗಾಳಿ ಹೊರಗಿನಿಂದ ಬರಲಿ. ಫಿಲ್ಟರ್ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಆಗ ಫ್ಯಾನ್ ಬೇಕೇ ಬೇಕು. ಸಾಮಾನ್ಯ ಕಟ್ಟಡಕ್ಕೆ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿದರೆ ನಡೆಯುತ್ತದೆ, ಜಿನ್ನಿಂಗ್‌ಗೆ ಸೀಸನ್ ನಡುವೆಯೂ ಒಮ್ಮೆ ಬೇಕು.

ಸ್ವಚ್ಛ ಮಾಡುವ ಮೊದಲು ವಿಸಿಬಿ ಆಫ್ ಮಾಡಿ ಹೊರಗೆಳೆಯಿರಿ, ಎಲ್‌ಟಿ ಬ್ರೇಕರೂ ಆಫ್. ಜನರೇಟರ್ ಅಥವಾ ಚಾವಣಿ ಸೋಲಾರ್‌ನಿಂದ ಎಲ್‌ಟಿ ಕಡೆ ಕರೆಂಟ್ ಹಿಂದೆ ಬಂದರೆ ಎಚ್‌ಟಿ ಟರ್ಮಿನಲ್‌ನಲ್ಲಿ 11 ಕೆವಿ ಎದ್ದು ನಿಲ್ಲುತ್ತದೆ. ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಳ್ಳಿ, ಎರಡೂ ಕಡೆ ಅರ್ತ್ ಮಾಡಿ. ಮೊದಲು ವ್ಯಾಕ್ಯೂಮ್‌ನಿಂದ ಧೂಳು ಎಳೆಯಿರಿ, ಆಮೇಲೆ ಕಡಿಮೆ ಒತ್ತಡದ ಒಣ ಗಾಳಿಯನ್ನು ಸಂದಿಗಳಲ್ಲಿ ಕೆಳಗಿಂದ ಮೇಲಕ್ಕೆ ಊದಿ. ಗ್ಯಾರೇಜಿನ ಕಂಪ್ರೆಸರ್ ತಂದರೆ ಅದರಲ್ಲಿ ನೀರು, ಎಣ್ಣೆ ಬರುತ್ತದೆ, ಬೇಡ. ನೀರು, ಥಿನ್ನರ್, ಸೀಮೆಎಣ್ಣೆ ಯಾವುದೂ ಬೇಡ.

ಇನ್ನು ಮಳೆಗಾಲ. ಟಿಸಿ ಚಾಲೂ ಇದ್ದರೆ ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸಿಟ್ಟಿರುತ್ತದೆ. ತೊಂದರೆ ಬಂದ್ ಇದ್ದಾಗ. ಜಿನ್ನಿಂಗ್ ಮಿಲ್ ಮುಂಗಾರಿನಲ್ಲಿ ನಿಂತಿರುತ್ತದೆ, ಬಿಲ್ ಉಳಿಸಲು ಮಾಲೀಕರು ಎಚ್‌ಟಿ ಆಫ್ ಮಾಡುತ್ತಾರೆ, ತಿಂಗಳುಗಟ್ಟಲೆ ಜಿಟಿಜಿಟಿ ಮಳೆಗೆ ಕಾಯಿಲ್ ಮೇಲೆ ಪಸೆ ಕೂರುತ್ತದೆ, ಅದರ ಜೊತೆ ಹಳೆಯ ಧೂಳು ಸೇರಿ ಕರೆಂಟ್ ಹರಿಯುವ ಪದರವಾಗುತ್ತದೆ. ಸೀಸನ್ ಶುರುವಿನ ದಿನ ಸೀದಾ ಆನ್ ಮಾಡಿದರೆ ರೆಸಿನ್ ಮೇಲೆ ಕಿಡಿ ಓಡಿ ಕಪ್ಪು ಗೆರೆ ಬೀಳುತ್ತದೆ. ಇದನ್ನು ತಪ್ಪಿಸಲು ಎನ್‌ಕ್ಲೋಷರ್‌ನಲ್ಲಿ ಸ್ಪೇಸ್ ಹೀಟರ್ ಹಾಕಿಸಿ, ಅದಕ್ಕೆ ಬೇರೆ ಎಲ್‌ಟಿ ಸಪ್ಲೈ ಕೊಡಿ, ಟಿಸಿ ಆಫ್ ಇದ್ದಷ್ಟು ದಿನ ಹೀಟರ್ ಆನ್ ಇರಲಿ. ಮತ್ತೆ ಚಾಲೂ ಮಾಡುವ ಮೊದಲು ಸ್ವಚ್ಛ ಮಾಡಿ, ಬಿಸಿ ಗಾಳಿ ಬ್ಲೋವರ್‌ನಿಂದ ಒಣಗಿಸಿ, ಮೆಗ್ಗರ್ ಮಾಡಿ, ಹೋದ ವರ್ಷದ ಅಂಕಿಯ ಪಕ್ಕ ಇಟ್ಟು ನೋಡಿ.

ಸ್ವಚ್ಛ ಮಾಡುವಾಗ ರೆಸಿನ್‌ನಲ್ಲಿ ಕೂದಲೆಳೆಯಂಥ ಬಿರುಕೋ ಕಪ್ಪು ಗೆರೆಯೋ ಕಂಡರೆ ಎಂ-ಸೀಲ್ ಮೆತ್ತಿ ಮುಚ್ಚಬೇಡಿ, ಚಾರ್ಜೂ ಮಾಡಬೇಡಿ. ಫೋಟೋ ತೆಗೆದು, ನೇಮ್‌ಪ್ಲೇಟ್‌ನ ಸೀರಿಯಲ್ ನಂಬರ್ ಸಮೇತ ತಯಾರಕರಿಗೆ ಕಳಿಸಿ, ಅವರ ಎಂಜಿನಿಯರ್ ಬಂದು ನೋಡುವವರೆಗೆ ಕಟ್ಟಡದ ಲೋಡನ್ನು ಜನರೇಟರ್ ಮೇಲೆ ಓಡಿಸಿ.